ತುಟಿ ಅವನದು, ದನಿ ನನ್ನದು

ಅಮೆರಿಕದ ಒಬ್ಬ ನಟನಿಗೆ ನಾನು ಕನ್ನಡದಲ್ಲಿ ದನಿ ಕೊಡುತ್ತೇನೆ. ಅವನ ಹೆಸರು ಹೇಳಿದರೂ ನಿಮಗೆ ಗೊತ್ತಾಗಲಿಕ್ಕಿಲ್ಲ, ಮುಖ ನೋಡಿದರೆ ಮಾತ್ರ ‘ಓ, ಇವನಾ’ ಅಂದೇ ಅನ್ನುತ್ತೀರಿ. ಅವನು ಯಾವತ್ತೂ ನಾಯಕನಾದವನಲ್ಲ. ನಾಯಕನ ಅಪ್ಪ, ನಾಯಕನಿಗೆ ಶಿಕ್ಷೆ ಬರೆಯುವ ನ್ಯಾಯಾಧೀಶ, ನಾಯಕಿಯ ಪಕ್ಕದ ಮನೆಯ ತಲೆಹರಟೆ, ಬ್ಯಾಂಕು ಒಡೆಯುವವರ ಗುಂಪಿನಲ್ಲಿ ಕೆಮ್ಮುವ ಮುದುಕ. ಸಿನೆಮಾ, ರಂಗಭೂಮಿ, ಟೀವಿ ಮೂರರಲ್ಲೂ ಅವನು ಐವತ್ತು ವರ್ಷ ಹೀಗೆ ಬದಿಯಲ್ಲಿ ನಿಂತೇ ಬಾಳಿದ. ನಾನಿರುವುದು ಬನಹಟ್ಟಿಯಲ್ಲಿ. ನಾನೊಬ್ಬ ಇದ್ದೇನೆ ಎಂಬುದೇ ಅವನಿಗೆ ಗೊತ್ತಿಲ್ಲ.

ಅವನ ಬದುಕು ನನ್ನ ಬಾಯಿಗೆ ಸರಿಯಾದ ಕ್ರಮದಲ್ಲಿ ಬರಲಿಲ್ಲ. ಬೆಂಗಳೂರಿನ ಸ್ಟುಡಿಯೋದವರು ತಮಗೆ ಸಿಕ್ಕಿದ್ದನ್ನು ಸಿಕ್ಕ ಹಾಗೆ ಕಳಿಸುತ್ತಾರೆ. ಸೋಮವಾರ ಅವನಿಗೆ ಮೂವತ್ತು ವರ್ಷ, ಕಪ್ಪು ಕೂದಲು, ಕುದುರೆಯ ಮೇಲೆ ಕೂತಿರುತ್ತಾನೆ. ಗುರುವಾರ ಎಪ್ಪತ್ತು ದಾಟಿ ಆಸ್ಪತ್ರೆಯ ಮಂಚದಲ್ಲಿ ಉಸಿರೆಳೆಯುತ್ತಾನೆ. ಮುಂದಿನ ವಾರ ನಲವತ್ತೈದು, ಹೆಂಡತಿಯ ಜೊತೆ ಜಗಳ. ಹೋದ ತಿಂಗಳು ಸತ್ತವನು ಈ ತಿಂಗಳು ಮದುವೆಯಾಗುತ್ತಾನೆ. ಅವನಿಗೆ ದನಿ ಕೊಡುತ್ತ ಕೊಡುತ್ತ ನನಗೂ ವಯಸ್ಸಿನ ಲೆಕ್ಕ ತಪ್ಪಿಹೋಯಿತು. ಮಧ್ಯಾಹ್ನ ಉಂಡು ಸ್ವಲ್ಪ ಅಡ್ಡಾಗಿ ಎದ್ದಾಗ, ನಾನು ಈಗ ಯಾವ ವಯಸ್ಸಿನಲ್ಲಿ ಎದ್ದೆ ಎಂದು ಒಂದು ಗಳಿಗೆ ತಿಳಿಯುವುದಿಲ್ಲ. ಮೊಣಕಾಲು ನೋಯತೊಡಗಿದ ಮೇಲೆ ತಿಳಿಯುತ್ತದೆ.

ಸ್ಟುಡಿಯೋದವರು ಒಮ್ಮೆ ಅವನ ಬಗ್ಗೆ ಒಂದು ಹಾಳೆ ಕಳಿಸಿದ್ದರು. ಹಳ್ಳಿಯ ಒಂದು ಹುಲ್ಲಿನ ಕೊಟ್ಟಿಗೆಯನ್ನೇ ರಂಗಮಂದಿರ ಮಾಡಿಕೊಂಡಿದ್ದ ತಂಡದಲ್ಲಿ ಅವನು ಮೊದಲು ಬಣ್ಣ ಹಚ್ಚಿದನಂತೆ. ತಟ್ಟೆ ಹಿಡಿದು ಒಳಗೆ ಬಂದು, ಗಾಡಿ ಬಂದಿದೆ ಎಂದು ಹೇಳಿ ಹೋಗುವ ಪಾತ್ರ. ಅದನ್ನು ಓದಿ ನಾನು ಒಬ್ಬನೇ ನಕ್ಕೆ. ಸಾಲಿ ಬಿಟ್ಟು ನಾಟಕ ಕಂಪನಿ ಸೇರಿದ ವರ್ಷ ನನ್ನದೂ ಅಷ್ಟೇ, ದೊರೆಯ ಮುಂದೆ ಬಗ್ಗಿ, ದೂತ ಬಂದಿದ್ದಾನೆ ಎಂದು ಹೇಳಿ ಹಿಂದೆ ಸರಿಯುವುದು. ಮುಧೋಳದ ಕ್ಯಾಂಪಿನಲ್ಲಿ ಮೂರು ತಿಂಗಳು ಅದನ್ನೇ ಹೇಳಿದೆ. ಲೋಕಾಪುರಕ್ಕೆ ಹೋಗುವ ಹೊತ್ತಿಗೆ ಮಂತ್ರಿಯಾದೆ, ಕೆಲವು ವರ್ಷಗಳ ಮೇಲೆ ಬೀಳಗಿಯಲ್ಲಿ ದೊರೆಯಾದೆ. ದೊರೆಯಾದದ್ದು ನನ್ನ ಪ್ರತಿಭೆಯಿಂದ ಎಂದು ಬಹಳ ದಿನ ನಂಬಿದ್ದೆ. ದೊರೆಯ ಪಾತ್ರದವನಿಗೆ ಕಾಮಾಲೆಯಾಗಿತ್ತು ಎಂಬುದನ್ನು ಈಗ ಹೇಳಲು ಸಂಕೋಚವಿಲ್ಲ.

ಬೀಳಗಿಯ ಆ ಕ್ಯಾಂಪಿನಲ್ಲೇ ನನ್ನ ಹೆಂಡತಿ ನನ್ನನ್ನು ಮೊದಲು ಕೇಳಿದ್ದು. ನೋಡಲಿಲ್ಲ, ಕೇಳಿದಳು. ಅನಗವಾಡಿಯಿಂದ ತನ್ನ ಸೋದರತ್ತೆಯ ಜೊತೆ ಬಂದಿದ್ದವಳಿಗೆ ಹೆಂಗಸರ ಕಡೆ ಒಂದು ದಪ್ಪ ಕಂಬದ ಹಿಂದೆ ಜಾಗ ಸಿಕ್ಕಿತ್ತು. ಇಡೀ ನಾಟಕ ಅವಳಿಗೆ ಕಂಬವೇ ಕಂಡದ್ದು. ನಾಲ್ಕು ತಿಂಗಳ ನಂತರ ಹಿರಿಯರು ಹುಡುಗನ ಕುಲ, ಮನೆ ಎಲ್ಲ ಹೇಳಿ, ಕಂಪನಿಯಲ್ಲಿ ದೊರೆಯ ಪಾತ್ರ ಮಾಡುತ್ತಾನೆ ಎಂದಾಗ, ‘ಆ ದನಿಯಾಂವನಾ? ಹಂಗಾರ ಆಗಲಿ’ ಎಂದಳಂತೆ. ನನ್ನ ಮೂಗು ಉದ್ದವೋ ಮೋಟೋ ಅವಳಿಗೆ ಗೊತ್ತಿರಲಿಲ್ಲ. ಮದುವೆಯ ದಿನ ಅಂತರಪಟ ಸರಿದಾಗ ಅವಳ ಮುಖದಲ್ಲಿ ಒಂದು ಕ್ಷಣ ಬಂದುಹೋದ ಸಣ್ಣ ನಿರಾಶೆಯನ್ನು ನಾನು ಇವತ್ತಿಗೂ ಅವಳಿಗೆ ಹೇಳಿ ತೋರಿಸುತ್ತೇನೆ. ಅವಳು ಅದು ಬಿಸಿಲಿಗೆ ಅನ್ನುತ್ತಾಳೆ.

ಕಂಪನಿ ಮುಚ್ಚಿತು. ನಾನು ಒಂದು ಸೊಸೈಟಿಯಲ್ಲಿ ಗುಮಾಸ್ತನಾದೆ. ಒಂದೆರಡು ಸಿನೆಮಾದಲ್ಲಿ ಗೌಡನ ಹಿಂದೆ ನಿಂತೆ, ಒಂದು ಧಾರಾವಾಹಿಯಲ್ಲಿ ಆರು ಕಂತು ಮಾವನಾಗಿ ಏಳನೆಯ ಕಂತಿಗೆ ಗೋಡೆಯ ಮೇಲೆ ಫೋಟೊ ಆದೆ. ಮನೆಯಲ್ಲಿ ಎರಡು ಮಗ್ಗಗಳಿದ್ದವು, ಅವನ್ನು ಹೆಂಡತಿ ನಡೆಸಿದಳು. ಬೆಳಗ್ಗೆ ಗುಂಡಿ ಒತ್ತಿದರೆ ಸಂಜೆಯವರೆಗೆ ಲಾಳಿ ಆ ಕಡೆ ಈ ಕಡೆ ಬಡಿದುಕೊಳ್ಳುತ್ತಿತ್ತು. ನಮ್ಮ ಓಣಿಯಲ್ಲಿ ಎಲ್ಲರ ಮನೆಯಲ್ಲೂ ಅದೇ ಸದ್ದು. ನಾವು ಅದನ್ನು ಸದ್ದು ಎಂದು ಎಣಿಸಿರಲೇ ಇಲ್ಲ. ಅದರಲ್ಲೇ ಕೂಸುಗಳು ಮಲಗಿ ನಿದ್ದೆ ಮಾಡುತ್ತಿದ್ದವು, ಕರೆಂಟು ಹೋಗಿ ಮಗ್ಗ ನಿಂತರೆ ಬೆಚ್ಚಿ ಎದ್ದು ಅಳುತ್ತಿದ್ದವು.

ಆ ಸದ್ದು ಅವಳ ಕಿವಿಯನ್ನು ನಿಧಾನವಾಗಿ ತೆಗೆದುಕೊಂಡು ಹೋಯಿತು. ಯಾವಾಗ ಹೋಯಿತು ಎಂದು ನನಗೆ ತಿಳಿಯದಿದ್ದದ್ದಕ್ಕೆ ಕಾರಣವಿದೆ. ಮಗ್ಗದವರು ಕಿವಿಯಿಂದ ಕೇಳುವವರೇ ಅಲ್ಲ. ಎರಡು ಮಗ್ಗದ ನಡುವೆ ನಿಂತು ಯಾರು ಕೂಗಿದರೂ ಕೇಳುವುದಿಲ್ಲವಾದ್ದರಿಂದ ಅವರು ಸುಮ್ಮನೆ ತುಟಿ ಆಡಿಸುತ್ತಾರೆ, ಎದುರಿನವರು ನೋಡಿ ತಿಳಿದುಕೊಳ್ಳುತ್ತಾರೆ. ನನ್ನ ಹೆಂಡತಿ ಓಣಿಯ ಆ ತುದಿಯ ಬಾಗಿಲಲ್ಲಿ ನಿಂತವಳ ಜೊತೆ ಈ ತುದಿಯಿಂದ ಇಡೀ ಮಧ್ಯಾಹ್ನ ಹರಟುತ್ತಿದ್ದಳು, ಒಂದು ಅಕ್ಷರವೂ ಹೊರಗೆ ಬೀಳುತ್ತಿರಲಿಲ್ಲ. ಹೀಗಾಗಿ ಕಿವಿ ಹೋದ ಮೇಲೂ ಅವಳು ನನ್ನ ಎಲ್ಲ ಮಾತಿಗೂ ಉತ್ತರ ಕೊಡುತ್ತಿದ್ದಳು. ಒಂದು ದಿನ ನಾನು ಬೆನ್ನು ಹಾಕಿ ಕೂತು ಮೂರು ಸಲ ನೀರು ಕೇಳಿದೆ. ಮೂರನೆಯ ಸಲ ರೇಗಿ ತಿರುಗಿದೆ. ಅವಳು ನನ್ನ ಬಾಯಿ ನೋಡಿ, ‘ನೀರಾ? ಒಮ್ಮೆ ಹೇಳಿದ್ರ ತರತಿದ್ನಲ್ರಿ’ ಎಂದಳು. ಆಗ ನನ್ನ ಎದೆ ಧಸಕ್ ಎಂದಿತು. ಅದಾಗಿ ಹನ್ನೊಂದು ವರ್ಷ. ದನಿ ಕೇಳಿ ನನ್ನನ್ನು ಒಪ್ಪಿದವಳು ಅಲ್ಲಿಂದ ಮುಂದೆ ನನ್ನ ದನಿ ಕೇಳಲಿಲ್ಲ.

ಅಮೆರಿಕದವನು ನಮ್ಮ ಮನೆಗೆ ಬಂದದ್ದು ಲಾಕ್‌ಡೌನಿನಲ್ಲಿ. ಧಾರಾವಾಹಿಯಲ್ಲಿ ನನ್ನ ದನಿ ಕೇಳಿದ್ದ ಬೆಂಗಳೂರಿನ ಸ್ಟುಡಿಯೋದವರು ಕರೆದಿದ್ದರು, ಆದರೆ ಅಲ್ಲಿಗೆ ಹೋಗುವಂತಿರಲಿಲ್ಲ, ಮನೆಯಿಂದಲೇ ದನಿ ಕಳಿಸಿ ಎಂದರು. ಅವರಿಗೇನು ಗೊತ್ತು, ಬನಹಟ್ಟಿಯಲ್ಲಿ ಮಗ್ಗ ಕೇಳದ ಜಾಗ ಎಲ್ಲಿದೆ? ಒಳಗಿನ ಖೋಲಿಯ ನಾಲ್ಕೂ ಗೋಡೆಗೆ ಮನೆಯಲ್ಲಿದ್ದ ಕೌದಿಗಳನ್ನೆಲ್ಲ ನೇತುಹಾಕಿದೆ. ಅವ್ವ ಹೊಲಿದದ್ದು, ಅತ್ತೆ ಹೊಲಿದದ್ದು, ಹಳೆಯ ಸೀರೆಯ ಚೂರುಗಳೆಲ್ಲ ಸುತ್ತ ನಿಂತು ನನ್ನನ್ನೇ ನೋಡುತ್ತಿದ್ದವು. ಆದರೂ ಸದ್ದು ನುಗ್ಗುತ್ತಿತ್ತು. ಕೊನೆಗೆ ಒಂದು ಉಪಾಯ ಹೊಳೆಯಿತು. ಕರೆಂಟು ಹೋದಾಗ ಊರಿನ ಮಗ್ಗಗಳೆಲ್ಲ ಒಟ್ಟಿಗೆ ನಿಲ್ಲುತ್ತವೆ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ. ಇಡೀ ಓಣಿ ಕರೆಂಟಿನವರಿಗೆ ಶಾಪ ಹಾಕುತ್ತ ಕಟ್ಟೆಗೆ ಬಂದು ಕೂತರೆ, ನಾನು ಒಬ್ಬನೇ ಖುಷಿಯಿಂದ ಒಳಗೆ ಓಡುತ್ತಿದ್ದೆ. ಈಗಲೂ ಹಾಗೆಯೇ ಓಡುತ್ತೇನೆ, ಮೊಣಕಾಲು ಒಪ್ಪಿದಷ್ಟು.

ಮೊದಮೊದಲು ಕೆಲಸ ಕುಲಗೆಟ್ಟು ಹೋಗುತ್ತಿತ್ತು. ಅವನ ತುಟಿ ಮುಚ್ಚಿರುವಾಗ ನನ್ನ ಬಾಯಿ ತೆರೆದಿರುತ್ತಿತ್ತು. ಒಂದು ದಿನ ಹೆಂಡತಿ ಅಕ್ಕಿ ಆರಿಸುತ್ತ ಬಾಗಿಲಲ್ಲಿ ಕೂತು ನೋಡುತ್ತಿದ್ದಳು. ಇದ್ದಕ್ಕಿದ್ದಂತೆ, ‘ಅಲ್ಲಿ ತುಟಿ ಕೂಡ್ತಾವ್ರಿ. ನಿಮ್ಮ ಮಾತಿನ್ಯಾಗ ಕೂಡಂಗಿಲ್ಲ. ಬ್ಯಾರೆ ಮಾತ ಹಾಕ್ರಿ’ ಎಂದಳು. ನಾನು ಹಾಕಿದ್ದ ‘ಹೋಗು’ ತೆಗೆದು ‘ನಡಿಯಪ್ಪ’ ಎಂದೆ. ಕೂತಿತು. ಅಮೆರಿಕದವನು ಹುಟ್ಟಿದಾಗಿನಿಂದ ‘ನಡಿಯಪ್ಪ’ ಎಂದೇ ಹೇಳುತ್ತಿದ್ದನೇನೋ ಅನ್ನಿಸಿತು. ಅವಳಿಗೆ ಇಂಗ್ಲಿಷಿನ ಗಂಧವಿಲ್ಲ, ಕಿವಿಯೂ ಇಲ್ಲ. ಅವನ ಬಾಯಿ ಮಾತ್ರ ಅವಳಿಗೆ ಗೊತ್ತು. ಅಂದಿನಿಂದ ನಮ್ಮ ಕೆಲಸದ ರೀತಿಯೇ ಅದಾಯಿತು. ಮೊದಲು ಅವಳು ನೋಡಬೇಕು, ತುಟಿ ಎಲ್ಲಿ ಕೂಡುತ್ತದೆ ಎಲ್ಲಿ ಬಿಡುತ್ತದೆ ಹೇಳಬೇಕು, ಆಮೇಲೆ ನಾನು ಮಾತು ಹೊಂದಿಸಬೇಕು. ಸ್ಟುಡಿಯೋದ ಹುಡುಗಿ, ‘ಸರ್, ನಿಮ್ಮಷ್ಟು ಚೆನ್ನಾಗಿ ಯಾರದೂ ಕೂರಲ್ಲ’ ಎಂದು ಹೊಗಳುತ್ತಿದ್ದಳು. ಅದರ ಗುಟ್ಟನ್ನು ನಾನು ಯಾಕೆ ಬಿಟ್ಟುಕೊಡಲಿ? ಎಲ್ಲ ನನ್ನ ಅನುಭವ ಎಂದೆ.

ಅವಳು ಅವನನ್ನು ನನಗಿಂತ ಚೆನ್ನಾಗಿ ಬಲ್ಲಳು. ‘ಇಂವ ಸುಳ್ಳ ಹೇಳಾಕತ್ತಾನ, ಕೆಳಗಿನ ತುಟಿ ನೋಡ್ರಿ’ ಎನ್ನುತ್ತಿದ್ದಳು, ಮೂರು ದೃಶ್ಯ ಆದ ಮೇಲೆ ಅವನು ಸುಳ್ಳು ಹೇಳಿದ್ದು ಹೊರಬೀಳುತ್ತಿತ್ತು. ‘ಈ ಸಿನೆಮಾದಾಗ ಇಂವಗ ಹಲ್ಲನೋವು ಇತ್ತು’ ಎಂದು ಒಮ್ಮೆ ಹೇಳಿದಳು. ಇದ್ದರೂ ಇರಬಹುದು. ಒಂದು ಸಿನೆಮಾದಲ್ಲಿ ಅವನು ಕುರುಬ, ನಾಯಿಯ ಜೊತೆಗೇ ಎಲ್ಲ ಮಾತು. ನಾನು ಶ್ರದ್ಧೆಯಿಂದ ತಿಮ್ಮಾಪುರದ ಕಡೆಯ ಬೀಗರ ಮನೆಗೆ ಹೋಗಿ, ಅವರ ಮುಧೋಳ ನಾಯಿಯ ಮುಂದೆ ಕೂತು ಆ ಮಾತುಗಳನ್ನು ಹೇಳಿ ನೋಡಿದೆ. ಅದು ತನ್ನ ಉದ್ದ ಮೂತಿಯನ್ನು ಹೊರಳಿಸಿ, ಹೊಲದಾಚೆಗಿನ ಏನನ್ನೋ ನೋಡುತ್ತ ಕೂತಿತು. ಮನೆಗೆ ಬಂದು ಹೇಳಿದರೆ ಹೆಂಡತಿ, ‘ಅದಕ್ಕೂ ಕಿವಿ ಕೇಳಸಂಗಿಲ್ಲೇನೋ’ ಎಂದು ನಕ್ಕಳು.

ಹೀಗೆ ನಡೆದಿತ್ತು. ಕರೆಂಟು ಹೋದ ಮಧ್ಯಾಹ್ನಗಳಲ್ಲಿ ಕಿಟಕಿಯ ಬಿಸಿಲಿನಲ್ಲಿ ಅರಳೆಯ ಎಳೆಗಳು ತೇಲುತ್ತಿರುತ್ತಿದ್ದವು. ಊರೆಲ್ಲ ನೀರಿನ ತಳದಲ್ಲಿ ಕೂತಂತೆ ಸುಮ್ಮನಾಗುತ್ತಿತ್ತು. ಕೌದಿಗಳ ನಡುವೆ ನಾವು ಮೂವರು. ಅವನು ತುಟಿ ಆಡಿಸುವನು, ಅವಳು ನೋಡುವಳು, ನಾನು ನುಡಿಯುವೆನು. ನಾನು ಬದುಕಿನಲ್ಲಿ ಅಷ್ಟು ಸುಖವಾಗಿದ್ದದ್ದು ಅಪರೂಪ.

ಇದನ್ನು ಕೆಡಿಸಿದವಳು ನಮ್ಮ ಮಗಳು. ಜಮಖಂಡಿಯ ಕಾಲೇಜಿನಲ್ಲಿ ಕೆಲಸದಲ್ಲಿದ್ದಾಳೆ, ಎಲ್ಲವನ್ನೂ ಸರಿಮಾಡುವ ಹಟ. ಅವ್ವನನ್ನು ಕರೆದುಕೊಂಡು ಹೋಗಿ ಕಿವಿಯ ಡಾಕ್ಟರಿಗೆ ತೋರಿಸಿ, ಹುರಳಿಕಾಳಿನಷ್ಟು ಚಿಕ್ಕದೊಂದು ಮಷೀನು ತಂದಳು. ಬಲಗಿವಿಯಲ್ಲಿ ಸ್ವಲ್ಪ ಉಳಿದಿದೆ, ಸುತ್ತ ಗದ್ದಲ ಇಲ್ಲದಿದ್ದರೆ ಕೇಳಿಸುತ್ತದೆ ಎಂದಿದ್ದರಂತೆ. ನನಗೆ ಒಳಗೊಳಗೇ ಹೆದರಿಕೆಯಾಯಿತು. ಹನ್ನೊಂದು ವರ್ಷದಲ್ಲಿ ನನ್ನ ದನಿ ಏನಾಗಿದೆ ಎಂದು ನನಗೆ ಗೊತ್ತಿತ್ತು. ಅದರ ಮೇಲಿನ ಹೊಳಪು ಹೋಗಿದೆ, ತಳದಲ್ಲಿ ಜರಡಿ ಅಲ್ಲಾಡಿಸಿದ ಸದ್ದು ಸೇರಿದೆ. ಮುದುಕರ ಪಾತ್ರಕ್ಕೆ ಅದೇ ಚಂದ ಎಂದು ಸ್ಟುಡಿಯೋದವರು ಅನ್ನುತ್ತಾರೆ. ಆದರೆ ಇವಳು? ಇವಳು ಗುರುತು ಹಿಡಿಯುತ್ತಾಳೋ ಇಲ್ಲವೋ?

ಒಂದು ರವಿವಾರ, ಕರೆಂಟಿಲ್ಲದ ಹೊತ್ತು ನೋಡಿ, ಮಗಳು ನನ್ನ ಲ್ಯಾಪ್‌ಟಾಪು ತೆಗೆದಳು. ಅಮೆರಿಕದವನು ನ್ಯಾಯಾಧೀಶನಾಗಿರುವ ಧಾರಾವಾಹಿ, ಅವನೂ ಅವನ ಮಗನೂ ಊಟದ ಮೇಜಿನಲ್ಲಿ ಮಾತಾಡುವ ದೃಶ್ಯ. ಅಪ್ಪನಿಗೆ ದನಿ ನನ್ನದು. ಮಗನಿಗೆ ಬೆಂಗಳೂರಿನ ಯಾವನೋ ಇಪ್ಪತ್ತಾರರ ಹುಡುಗನದು.

‘ಯವ್ವಾ, ಕಣ್ಣ ಮುಚ್ಚು. ಅಪ್ಪಾಜಿ ದನಿ ಬಂದ ಕೂಡ್ಲೆ ಬೊಟ್ಟ ಮಾಡು’ ಎಂದಳು.

ಹೆಂಡತಿ ಪರೀಕ್ಷೆಗೆ ಕೂತವಳಂತೆ ಬೆನ್ನು ನೆಟ್ಟಗೆ ಮಾಡಿ ಕಣ್ಣು ಮುಚ್ಚಿದಳು. ನಾನು ಮಾತಾಡಿದೆ, ಅಂದರೆ ನ್ಯಾಯಾಧೀಶ ಮಾತಾಡಿದ. ಅವಳು ಕದಲಲಿಲ್ಲ. ಇನ್ನೊಮ್ಮೆ ಮಾತಾಡಿದ, ಉದ್ದಕ್ಕೆ. ಅವಳ ಹುಬ್ಬು ತುಸು ಗಂಟಾಯಿತು. ಆಮೇಲೆ ಆ ಹುಡುಗ ಬಾಯಿ ತೆರೆದ. ಅವಳ ಮುಖ ಅರಳಿತು. ಎಷ್ಟೋ ವರ್ಷದಿಂದ ನಾನು ಆ ಮುಖ ನೋಡಿರಲಿಲ್ಲ. ಬೆರಳು ಎತ್ತಿ ತೋರಿಸಿ, ‘ಇವರ. ಇವರ ನೋಡ, ಇದ ದನಿ’ ಎಂದಳು.

ಅವಳು ಕಣ್ಣು ಬಿಟ್ಟು ಪರದೆ ನೋಡಿದಳು, ಅಲ್ಲಿ ಹುಡುಗನ ತುಟಿ ಆಡುತ್ತಿತ್ತು. ನನ್ನನ್ನು ನೋಡಿದಳು. ನಾನು ಮೋರೆ ತಿರುಗಿಸಿ, ಕೌದಿಯ ಒಂದು ಮೂಲೆ ಸರಿಪಡಿಸುವ ನೆಪದಿಂದ ಎದ್ದೆ. ಮಗಳು, ‘ಹೊಸಾ ಮಷೀನು, ಇನ್ನೂ ರೂಢಿ ಆಗಬೇಕ್ರಿ ಅಪ್ಪಾಜಿ’ ಎಂದು ಏನೇನೋ ಸಮಾಧಾನ ಹೇಳಿದಳು. ಅದು ಮಷೀನಿನ ತಪ್ಪಲ್ಲ ಎಂದು ಮೂವರಿಗೂ ಗೊತ್ತಿತ್ತು. ಬೀಳಗಿಯ ದೊರೆಗೆ ಆಗ ಇಪ್ಪತ್ತಾರೇ ವರ್ಷ.

ನನಗೆ ಹೊಟ್ಟೆಕಿಚ್ಚಾಯಿತು ಎಂದು ನೇರವಾಗಿಯೇ ಹೇಳುತ್ತೇನೆ. ಆ ಬೆಂಗಳೂರಿನ ಹುಡುಗನ ಮೇಲೆ ಸ್ವಲ್ಪ, ಬೀಳಗಿಯಲ್ಲಿ ಕಿರೀಟ ಇಟ್ಟುಕೊಂಡು ನಿಂತ ಆ ಪೋರನ ಮೇಲೆ ಬಹಳ. ಅವನು ಇಷ್ಟು ವರ್ಷ ನನ್ನ ಮನೆಯಲ್ಲೇ, ನನ್ನ ಹೆಂಡತಿಯ ತಲೆಯೊಳಗೇ ಸುಖವಾಗಿ ವಾಸವಾಗಿದ್ದ. ನಾನು ಚಾ ಕೇಳಿದರೆ ಅವಳಿಗೆ ಅವನು ಕೇಳಿದಂತೆ ಕೇಳಿಸಿದೆ. ನಾನು ಬೈದರೆ ಅವನು ಬೈದಂತೆ. ನಾನು ಬರೀ ತುಟಿ ಆಡಿಸುತ್ತಿದ್ದೆ, ದನಿ ಕೊಡುತ್ತಿದ್ದವನು ಅವನು.

ಆಮೇಲೆ ನಾನು ಕೆಲಸಕ್ಕೆ ಅವಳನ್ನು ಕರೆಯುವುದನ್ನು ಬಿಟ್ಟೆ. ಅವಳೂ ತಾನಾಗಿ ಬರಲಿಲ್ಲ. ಮಷೀನನ್ನು ಡಬ್ಬಿಯಲ್ಲಿಟ್ಟು ದೇವರ ಜಗಲಿಯ ಪಕ್ಕ ಇಟ್ಟಳು. ಅದೇ ದಿನಗಳಲ್ಲಿ ಅಮೆರಿಕದವನ ಕೊನೆಯ ಕೆಲಸ ಬಂತು. ಎಲ್ಲ ಬಿಟ್ಟು ಮುಪ್ಪಿನಲ್ಲಿ ಅವನು ಮತ್ತೆ ರಂಗಕ್ಕೆ ಹೋಗಿದ್ದನಂತೆ. ಮುಚ್ಚಿಹೋಗಿರುವ ದೊಡ್ಡ ಹೋಟೆಲೊಂದರ ಮುದಿ ಬಾಗಿಲುಕಾಯುವವನ ಪಾತ್ರ, ಒಬ್ಬನೇ ಒಂದು ತಾಸು ಖಾಲಿ ಕುರ್ಚಿಗಳ ಜೊತೆ ಮಾತಾಡುತ್ತಾನೆ. ಅದನ್ನು ಚಿತ್ರೀಕರಿಸಿದ್ದರು. ಅದಾದ ಮೇಲೆ ಅವನು ನಿವೃತ್ತನಾದ ಎಂದು ಸ್ಟುಡಿಯೋದ ಹುಡುಗಿ ಹೇಳಿದಳು.

ನಾನು ಎರಡು ಸಲ ಕಳಿಸಿದೆ, ಎರಡು ಸಲವೂ ವಾಪಸು ಬಂತು. ‘ಸರ್, ತುಟಿ ಕೂರ್ತಾ ಇಲ್ಲ. ದನೀಲೂ ಏನೋ ಇಲ್ಲ. ಹುಷಾರಿಲ್ವಾ?’ ಎಂದು ಕೇಳಿದಳು. ಮಗ್ಗದ ಊರಿನಲ್ಲಿ ನೆಗಡಿ ಸಹಜ ಎಂದೆ.

ಆ ದಿನಗಳಲ್ಲಿ ಒಂದು ಮಧ್ಯಾಹ್ನದ ನಿದ್ದೆಯಲ್ಲಿ ಅಮೆರಿಕದವನು ಬಂದ. ನಾವಿಬ್ಬರೂ ಹೆಂಡತಿಯ ತವರು ಅನಗವಾಡಿಯಲ್ಲಿ ಹೊಳೆಯ ದಂಡೆಗೆ ಕೂತು ಕಾಲು ಇಳಿಬಿಟ್ಟಿದ್ದೆವು. ಅವನು ಪ್ಯಾಂಟನ್ನು ಮೊಣಕಾಲಿನವರೆಗೆ ಮಡಿಚಿದ್ದ, ಕಾಲು ಬೆಳ್ಳಗೆ ನೀರಿನಲ್ಲಿ ತೂಗುತ್ತಿದ್ದವು. ಜೋಳದ ಹೊಲದ ಬಗ್ಗೆ, ಮಳೆಯ ಬಗ್ಗೆ ಮಾತಾಡಿದ, ನನ್ನ ದನಿಯಲ್ಲಿ. ಎಷ್ಟು ಚಂದ ಮಾತಾಡುತ್ತಿದ್ದ! ನಾನು ಉತ್ತರ ಕೊಡಲು ಬಾಯಿ ತೆರೆದೆ. ಸದ್ದು ಬರಲಿಲ್ಲ. ಅವನು ನನ್ನ ತುಟಿಯನ್ನೇ ನೋಡುತ್ತ ಪಾಪ ಎಂಬಂತೆ ತಲೆ ಆಡಿಸಿದ. ಎದ್ದಾಗ ದಿಂಬು ಒದ್ದೆಯಾಗಿತ್ತು, ಬೆವರಿಗೋ ಏನೋ.

ಮರುದಿನ ಲೈನಿನ ರಿಪೇರಿ ಎಂದು ಬೆಳಗ್ಗೆಯಿಂದ ಸಂಜೆಯವರೆಗೆ ಕರೆಂಟು ಇರಲಿಲ್ಲ. ಊರು ನಿಂತಿತು. ದೂರದ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರು ಹೋಗುವುದು, ಯಾರದೋ ಮನೆಯಲ್ಲಿ ರೊಟ್ಟಿ ಬಡಿಯುವುದು, ಎಲ್ಲ ಒಂದೊಂದಾಗಿ ಕೇಳುತ್ತಿತ್ತು. ನಾನು ಖೋಲಿಯಲ್ಲಿ ಕೂತು ಬಾಗಿಲುಕಾಯುವವನ ಮಾತು ಶುರು ಮಾಡುವುದರಲ್ಲಿದ್ದೆ. ಹೆಂಡತಿ ಒಳಗೆ ಬಂದಳು. ಕಿವಿಯಲ್ಲಿ ಮಷೀನು ಇತ್ತು. ನನ್ನ ಎದುರಿಗೆ ಕೂರಲಿಲ್ಲ, ಪಕ್ಕಕ್ಕೆ ಗೋಡೆಗೆ ಒರಗಿ ಕೂತಳು. ಲ್ಯಾಪ್‌ಟಾಪನ್ನು ತಾನೇ ಮುಚ್ಚಿದಳು.

‘ಮಾತಾಡ್ರಿ’ ಎಂದಳು.

ನಾನು ಗಂಟಲು ಸರಿಮಾಡಿಕೊಂಡು ಬಾಗಿಲುಕಾಯುವವನ ಮೊದಲ ಮಾತುಗಳನ್ನು ಹೇಳಿದೆ. ಚೆನ್ನಾಗಿಯೇ ಹೇಳಿದೆ.

‘ಅದು ಅಮೆರಿಕದಾಂವಂದು’ ಎಂದಳು.

ಎದ್ದು ನಿಂತೆ. ಬೀಳಗಿಯ ದೊರೆಯ ಸಭೆಯ ಮಾತು ತೆಗೆದೆ. ಅರ್ಧಕ್ಕೆ ಉಸಿರು ಸಾಲದಾಯಿತು, ಆದರೂ ಬಿಡಲಿಲ್ಲ.

‘ಅದು ಕಂಪನ್ಯಾಗಿಂದು’ ಎಂದಳು. ‘ನಿಮ್ದ ಒಂದ ಹೇಳ್ರಿ.’

ನನ್ನದು? ನಾನು ಹುಡುಕಿದೆ. ದೂತ, ಮಂತ್ರಿ, ದೊರೆ, ಮಾವ, ನ್ಯಾಯಾಧೀಶ, ಕುರುಬ, ಕೆಮ್ಮುವ ಕಳ್ಳ, ಎಲ್ಲರೂ ನಾಲಿಗೆಯ ತುದಿಗೆ ಬಂದು ನಿಂತರು. ಒಬ್ಬೊಬ್ಬರನ್ನೇ ಆಚೆ ಕಳಿಸಿದರೆ ಹಿಂದೆ ಯಾರೂ ಇರಲಿಲ್ಲ. ಬೇರೆಯವರು ಬರೆದದ್ದನ್ನು ಇಷ್ಟು ವರ್ಷ ಇಷ್ಟು ಚಂದ ಹೇಳಿದವನ ಬಳಿ ಕಟ್ಟಿಕೊಂಡ ಹೆಂಡತಿಗೆ ಹೇಳಲು ಒಂದು ಸಾಲು ಇರಲಿಲ್ಲ. ನಾಚಿಕೆಯಿಂದ ಮೈ ಬಿಸಿಯಾಯಿತು, ನಾಚಿಕೆ ನನಗೆ ಯಾವಾಗಲೂ ಸಿಟ್ಟಾಗಿಯೇ ಹೊರಬರುವುದು.

‘ಏನ್ ಹೇಳಬೇಕಂತ? ಬಂದ ಕುಂತಾಳಿಲ್ಲೆ ಪರೀಕ್ಷಾ ಮಾಡಾಕ. ನನಗ ಕೆಲಸ ಐತಿ, ಎದ್ದ ಹೋಗು’ ಎಂದು ಗದರಿದೆ.

ಅವಳು ಥಟ್ಟನೆ ಮುಖ ಎತ್ತಿದಳು. ಆಮೇಲೆ ನಗತೊಡಗಿದಳು. ಸೆರಗು ಬಾಯಿಗೆ ಹಿಡಿದರೂ ನಿಲ್ಲಲಿಲ್ಲ, ಕಣ್ಣಲ್ಲಿ ನೀರು ಬಂತು.

‘ಇದ ರೀ. ಇದ ನಿಮ್ಮ ದನಿ’ ಎಂದಳು. ‘ಸಿಟ್ಟಿಗೆ ಒಂದಿಷ್ಟೂ ವಯಸ್ಸಾಗಿಲ್ಲ.’

ನನಗೂ ನಗು ಬಂತು. ಪಕ್ಕದಲ್ಲಿ ಕೂತು ಹೇಳಿದೆ, ‘ಅವತ್ತ ನೀ ಆ ಹುಡುಗನ್ನ ತೋರಿಸಿದಿ. ನನಗ ಭಾಳ ನೋವಾತು.’

‘ನನಗೂ ಆತ್ರಿ’ ಎಂದಳು. ಸೆರಗಿನ ಅಂಚು ತಿರುವಿದಳು. ‘ಕೂದ್ಲ ಬೆಳ್ಳಗಾದದ್ದ ಕಂಡೆ, ಹಲ್ಲ ಬಿದ್ದದ್ದ ಕಂಡೆ. ನೀವು ಮುದಕರಾಗೂದು ನನಗ ಕೇಳಸಲೇ ಇಲ್ಲ. ಈಗ ಕೇಳಸ್ರಿ.’

ನೀರು ಕೇಳಿದ ಆ ದಿನ ನನ್ನ ಎದೆ ಹೇಗೆ ಧಸಕ್ ಎಂದಿತು ಎಂಬುದರಿಂದ ಶುರು ಮಾಡಿದೆ. ಕಾಮಾಲೆಯ ವಿಷಯವನ್ನೂ ಹೇಳಿದೆ, ಅವಳಿಗೆ ಮೊದಲೇ ಗೊತ್ತಿತ್ತಂತೆ. ಮಾತು ಎಲ್ಲಿಂದ ಬರುತ್ತಿತ್ತೋ ಗೊತ್ತಿಲ್ಲ, ನಡುನಡುವೆ ತಡವರಿಸಿದೆ, ಹೇಳಿದ್ದನ್ನೇ ಮತ್ತೆ ಹೇಳಿದೆ. ಅವಳು ಕಣ್ಣು ಮುಚ್ಚಿ ಗೋಡೆಗೆ ತಲೆ ಆನಿಸಿ ಕೂತಿದ್ದಳು. ಸಂಜೆ ಕರೆಂಟು ಬರುವವರೆಗೆ ಅವಳು ಒಮ್ಮೆಯೂ ನನ್ನ ತುಟಿ ನೋಡಲಿಲ್ಲ.